ದುರ್ಗೆಯ ಹುಟ್ಟುಹಬ್ಬ

1978ನೆಯ ಇಸವಿಯ ಸೆಪ್ಟೆಂಬರ್ ಕೊನೆಯ ವಾರ ಕಲ್ಕತ್ತೆಯಲ್ಲಿ ಸುರಿದ ಮಳೆಯನ್ನು ಆಗ ಆ ನಗರದಲ್ಲಿ ವಾಸವಾಗಿದ್ದವರು ಸುಲಭವಾಗಿ ಮರೆಯಲಾರರು. ಪಶ್ಚಿಮ ಬಂಗಾಳದ ಜಿಲ್ಲೆ ಜಿಲ್ಲೆಗಳೇ ಪ್ರವಾಹದಲ್ಲಿ ಮುಳುಗಿದ್ದವು. ರಾಜಧಾನಿಯ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ವಿದ್ಯುತ್ತು ಮೊದಲೇ ಅಪರೂಪ. ಆ ವಾರವಂತೂ ಅದರ ಮಾತನ್ನೇ ಎತ್ತುವಂತಿರಲಿಲ್ಲ. ಇಂತಹ ಸಂಕಟದ ನಡುವೆಯೇ ಮಹಾಲಯ ಬಂದು ಹೋಯಿತು. ಅಕ್ಟೋಬರ್ 3, ನವರಾತ್ರಿಯ ಮೊದಲ ದಿನ. ಅಂದು ಕಲ್ಕತ್ತೆಯ ಅಗರ್ವಾಲ್ ದಂಪತಿಗಳಿಗೆ ಒಂದು ಹೆಣ್ಣುಮಗು ಜನಿಸಿತು. ಲೋಕಕ್ಕೆ ಆ ಮಗು ಪರಿಚಯವಾದದ್ದು ‘ದುರ್ಗಾ’ ಎಂಬ ಹೆಸರಿನಿಂದ. ಮನೆಯವರಿಗೆ, ಮುಂದೆ ಶಾಲೆಯವರಿಗೆ, ಆಕೆ ಕನುಪ್ರಿಯಾ.

ಆಕೆ ಭಾರತದ ಮೊಟ್ಟಮೊದಲ ಪ್ರನಾಳ ಶಿಶು, ಜಗತ್ತಿನಲ್ಲಿ ಎರಡನೆಯದು. ಇಂಗ್ಲೆಂಡಿನ ಲೂಯಿಸ್ ಬ್ರೌನ್ ಹುಟ್ಟಿದ್ದು ಅದೇ ವರ್ಷದ ಜುಲೈ 25ರಂದು. ಇಬ್ಬರ ನಡುವಿನ ಅಂತರ 67 ದಿನಗಳೆಂದು ಅನೇಕ ಕಡೆ ಮುದ್ರಿತವಾಗಿದೆ. ಪಂಚಾಂಗವನ್ನು ಮುಂದಿಟ್ಟುಕೊಂಡು ಎಣಿಸಿದರೆ ಅದು 70 ಆಗುತ್ತದೆ. ಈ ಮಗುವಿನ ವಿಷಯದಲ್ಲಿ ಯಾರೂ ಸಾವಧಾನವಾಗಿ ಲೆಕ್ಕ ನೋಡಲಿಲ್ಲವೆಂಬುದಕ್ಕೆ ಇದು ಚಿಕ್ಕ ಉದಾಹರಣೆ. ದೊಡ್ಡ ಉದಾಹರಣೆ ಮುಂದೆ ಬರುತ್ತದೆ.

ಹುಟ್ಟುಹಬ್ಬ ಮಕ್ಕಳದೆಂದು ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ ಅದು ಹೆತ್ತವರ ಹಬ್ಬ. ಮಗುವಿಗೆ ತನ್ನ ಜನನದ ನೆನಪು ಇರುವುದಿಲ್ಲ. ನೆನಪಿರುವುದು ತಾಯಿಗೆ; ಹೆರಿಗೆ ಕೋಣೆಯ ಹೊರಗೆ ಅತ್ತಿಂದಿತ್ತ ನಡೆದಾಡಿದ ತಂದೆಗೆ. ಕನ್ನಡಿಗರ ಮನೆಗಳಲ್ಲಿ ಆ ದಿನ ಬೆಳಗಿನ ಎಣ್ಣೆಸ್ನಾನ, ಜನ್ಮನಕ್ಷತ್ರದ ಅರ್ಚನೆ, ಸಂಜೆ ಹಸೆಯ ಮೇಲೆ ಕೂರಿಸಿ ಆರತಿ. ಬಂಗಾಳಿಗಳ ಮನೆಯಲ್ಲಿ ತಾಯಿ ಮಗುವಿನ ತಲೆಯ ಮೇಲೆ ಭತ್ತ ಮತ್ತು ಗರಿಕೆಯನ್ನಿಟ್ಟು ಹರಸಿ, ಹೊಸ ಬೆಲ್ಲದ್ದೋ ಸಕ್ಕರೆಯದೋ ಪಾಯಸದ ಮೊದಲ ತುತ್ತನ್ನು ತಾನೇ ಬಾಯಿಗಿಡುತ್ತಾಳೆ. ಆ ತುತ್ತು ಕೊಡುವಾಗ ಆಕೆಯ ಮನಸ್ಸು ಎಷ್ಟು ವರ್ಷ ಹಿಂದಕ್ಕೆ ಓಡಿರುತ್ತದೆಂಬುದನ್ನು ಮಗು ಅರಿಯದು. ಎಷ್ಟು ಗಂಟೆಗೆ ನೋವು ಬಂತು, ಹೊರಗೆ ಮಳೆ ಹೇಗೆ ಹೊಡೆಯುತ್ತಿತ್ತು, ಮೊದಲ ಅಳು ಕೇಳಿದಾಗ ಯಾರು ಏನೆಂದರು, ಇವುಗಳೆಲ್ಲ ವರ್ಷಕ್ಕೊಮ್ಮೆ ಮನೆಯಲ್ಲಿ ಹೊಸದಾಗಿ ಹೇಳಲ್ಪಡುವ ಪುರಾಣ. ಹತ್ತು ಸಲ ಕೇಳಿದ ಮಗುವೂ ಹನ್ನೊಂದನೆಯ ಸಲ ‘ಹೇಳಮ್ಮ’ ಎನ್ನುತ್ತದೆ.

ಆದರೆ ಅಕ್ಟೋಬರ್ 3ರ ಈ ಮನೆಯಲ್ಲಿ ಆ ಪುರಾಣವನ್ನು ಮನೆಯ ಹೊಸ್ತಿಲಿನಾಚೆ ಹೇಳುವಂತಿರಲಿಲ್ಲ. ಇಪ್ಪತ್ತೈದು ವರ್ಷ ಹೇಳಲಿಲ್ಲ.

ಪುರಾಣವಾದರೂ ಎಂತಹದು! ತಾಯಿಯ ಡಿಂಬನಾಳಗಳು ಕೆಟ್ಟಿದ್ದವು. ಅಂಡಾಶಯದಿಂದ ಹೊರಟ ಅಂಡವು ವೀರ್ಯಾಣುವನ್ನು ಸಂಧಿಸುವುದು ಈ ಸಣ್ಣ ನಾಳದಲ್ಲಿ. ಅದು ಮುಚ್ಚಿಹೋದರೆ ಉಳಿದೆಲ್ಲವೂ ಸರಿಯಿದ್ದರೂ ಗರ್ಭ ನಿಲ್ಲದು. ನಮ್ಮ ದೇಶದಲ್ಲಿ ಹೀಗಾಗಲು ಜನನಾಂಗಗಳ ಸೋಂಕು ಒಂದು ಕಾರಣವಾದರೆ, ಸದ್ದಿಲ್ಲದೆ ಒಳಗೇ ಬೆಳೆಯುವ ಕ್ಷಯ ಇನ್ನೊಂದು ಮುಖ್ಯ ಕಾರಣ. ಕ್ಷಯವೆಂದರೆ ಕೆಮ್ಮು, ಶ್ವಾಸಕೋಶ ಎಂದಷ್ಟೇ ತಿಳಿದವರು ಇದನ್ನು ಗಮನಿಸಬೇಕು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ಹೆಣ್ಣಿಗೆ ಸಮಾಜ ಕೊಡುವ ಹೆಸರು ಕನ್ನಡದಲ್ಲಿಯೂ ಒಂದೇ, ಹಿಂದಿ ಬಂಗಾಳಿಗಳಲ್ಲಿಯೂ ಒಂದೇ. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ದೋಷವು ಪುರುಷನಲ್ಲಿಯೂ ಅಷ್ಟೇ ಪ್ರಮಾಣದಲ್ಲಿ ಇರಬಹುದೆಂದು ವೈದ್ಯಶಾಸ್ತ್ರ ಎಂದೋ ಹೇಳಿದೆ. ಆದರೂ ಹೆಸರಿಡುವುದು ಹೆಣ್ಣಿಗೆ ಮಾತ್ರ.

ಈ ದಂಪತಿಗಳು ಡಾಕ್ಟರ್ ಸುಭಾಷ್ ಮುಖರ್ಜಿಯವರ ಬಳಿಗೆ ಬಂದರು. ಮುಖರ್ಜಿಯವರು 1931ರ ಜನವರಿ 16ರಂದು ಹಜಾರಿಬಾಗಿನಲ್ಲಿ ಜನಿಸಿದವರು. ಕಲ್ಕತ್ತೆಯಲ್ಲಿ ವೈದ್ಯಪದವಿ ಪಡೆದು, ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಒಂದು, ಎಡಿನ್‌ಬರೋದಿಂದ ಇನ್ನೊಂದು, ಹೀಗೆ ಎರಡು ಡಾಕ್ಟರೇಟುಗಳನ್ನು ಗಳಿಸಿ, ಸರ್ಕಾರಿ ವೈದ್ಯಕೀಯ ಕಾಲೇಜಿನ ಅಧ್ಯಾಪಕರಾಗಿದ್ದರು. ಸ್ವತಃ ಅವರಿಗೆ ಮಕ್ಕಳಿರಲಿಲ್ಲ. ಅವರ ಜೊತೆಗಿದ್ದವರು ಇಬ್ಬರೇ: ಜಾದವಪುರ ವಿಶ್ವವಿದ್ಯಾನಿಲಯದ ಶೀತವಿಜ್ಞಾನ ಬಲ್ಲ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಡಾಕ್ಟರ್ ಸರೋಜ್ ಕಾಂತಿ ಭಟ್ಟಾಚಾರ್ಯ.

ಅವರು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲದಿದ್ದರೆ ಅದರ ಬೆಲೆ ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಅವರು ತಾಯಿಯ ಸಹಜ ಋತುಚಕ್ರದಲ್ಲಿ ಪಕ್ವವಾದ ಒಂದೇ ಒಂದು ಅಂಡವನ್ನು ಉದರದರ್ಶಕ ಯಂತ್ರದ ನೆರವಿನಿಂದ ತೆಗೆದು, ಫಲಿತವಾದ ಭ್ರೂಣವನ್ನು ಕೆಲವೇ ದಿನಗಳಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದರು. ಕಲ್ಕತ್ತೆಯ ದಾರಿ ಬೇರೆ. ಋತುಬಂಧವಾದ ಸ್ತ್ರೀಯರ ಮೂತ್ರದಿಂದ ತಯಾರಿಸಿದ ಗೊನಾಡೋಟ್ರೋಪಿನ್ ಚುಚ್ಚುಮದ್ದನ್ನು ಕೊಟ್ಟು, ಒಂದಕ್ಕಿಂತ ಹೆಚ್ಚು ಅಂಡಗಳು ಏಕಕಾಲಕ್ಕೆ ಪಕ್ವವಾಗುವಂತೆ ಮಾಡಿದರು. ಯೋನಿಮಾರ್ಗದ ಹಿಂಭಾಗದಲ್ಲಿ ಚಿಕ್ಕ ಶಸ್ತ್ರಕ್ರಿಯೆ ಮಾಡಿ ಆ ಅಂಡಗಳನ್ನು ಪಡೆದರು. ಗಾಜಿನ ಪಾತ್ರೆಯಲ್ಲಿ ಫಲಿತವಾದ ಭ್ರೂಣಗಳನ್ನು, ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ರಕ್ಷಕ ದ್ರವ್ಯವನ್ನು ಸೇರಿಸಿ, ದ್ರವ ಸಾರಜನಕದ ಕಡುಶೀತದಲ್ಲಿ ಹೆಪ್ಪುಗಟ್ಟಿಸಿ ಇಟ್ಟರು. ಚುಚ್ಚುಮದ್ದಿನಿಂದ ಕೆರಳಿದ ಚಕ್ರದಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಸ್ವಾಗತಿಸುವ ಸ್ಥಿತಿಯಲ್ಲಿರುವುದಿಲ್ಲವೆಂಬುದು ಮುಖರ್ಜಿಯವರ ತರ್ಕ. 53 ದಿನಗಳ ಅನಂತರ, ದೇಹ ತನ್ನ ಸಹಜ ಲಯಕ್ಕೆ ಮರಳಿದಾಗ, ಕರಗಿಸಿದ ಭ್ರೂಣವನ್ನು ತಾಯಿಯ ಗರ್ಭಕ್ಕೆ ಸೇರಿಸಿದರು.

ಓದುಗರು ಒಂದು ಕ್ಷಣ ಆ ತಾಯಿಯ ಸ್ಥಾನದಲ್ಲಿ ನಿಂತು ಯೋಚಿಸಬೇಕು. ಹುಟ್ಟಿದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, 1977 ಮುಗಿದು 1978 ಆರಂಭವಾಗುವ ಚಳಿಗಾಲದಲ್ಲಿ ಆಕೆಯ ಮಗು ಆಕೆಯ ಒಡಲಲ್ಲಿರಲಿಲ್ಲ, ಭೂಮಿಯ ಮೇಲೂ ಬಂದಿರಲಿಲ್ಲ. ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ಕೆಲವೇ ಜೀವಕೋಶಗಳ ಒಂದು ಗುಂಪಾಗಿ ಕಾದಿತ್ತು. ಕಲ್ಕತ್ತೆಯ ವಿದ್ಯುತ್ತು ಅಂದು ದಿನಕ್ಕೆ ಎಷ್ಟು ಸಲ ಹೋಗುತ್ತಿತ್ತೆಂಬುದನ್ನು ಬಲ್ಲವರಿಗೆ ಎದೆ ಝಲ್ಲೆನ್ನಬಹುದು. ಆದರೆ ದ್ರವ ಸಾರಜನಕಕ್ಕೆ ವಿದ್ಯುತ್ತಿನ ಹಂಗಿಲ್ಲ. ಅದು ಆವಿಯಾದಷ್ಟನ್ನು ತುಂಬುತ್ತಿದ್ದರೆ ಸಾಕು. ಎಲ್ಲ ತಾಯಂದಿರೂ ಒಂಬತ್ತು ತಿಂಗಳು ಎಣಿಸುತ್ತಾರೆ. ಈ ತಾಯಿಯ ಎಣಿಕೆಯಲ್ಲಿ ಅದಕ್ಕೂ ಮುನ್ನ 53 ದಿನಗಳಿದ್ದವು. ಜಾತಕ ಬರೆಯುವವರು ಇವುಗಳನ್ನು ಯಾವ ಮನೆಯಲ್ಲಿ ಬರೆಯುತ್ತಾರೋ!

ಮಗು ಆರೋಗ್ಯವಾಗಿ ಹುಟ್ಟಿತು. ಕೆಲವೇ ದಿನಗಳಲ್ಲಿ ವಾರ್ತೆ ಪತ್ರಿಕೆಗಳಲ್ಲಿ ಬಂತು. ಆದರೆ ಹೆತ್ತವರು ಪ್ರಚಾರವನ್ನು ಬಯಸಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೂಡುಕುಟುಂಬ, ಸಂಪ್ರದಾಯದ ಸಮಾಜ, ನಾಳೆ ಶಾಲೆಗೆ ಹೋಗಬೇಕಾದ, ಮುಂದೊಂದು ದಿನ ಮದುವೆಯಾಗಬೇಕಾದ ಹೆಣ್ಣುಮಗು. ‘ಗಾಜಿನಲ್ಲಿ ಹುಟ್ಟಿದ ಮಗು’ ಎಂದು ಬೀದಿಯ ಹುಡುಗರು ಕೂಗಿದರೆ ತಡೆಯುವವರು ಯಾರು? ಮಗುವನ್ನು ಪ್ರದರ್ಶನಕ್ಕಿಡಲು ಯಾವ ತಾಯಿತಂದೆ ಒಪ್ಪುತ್ತಾರೆ? ಅವರು ಬಾಗಿಲು ಮುಚ್ಚಿಕೊಂಡದ್ದು ವಾತ್ಸಲ್ಯದಿಂದ. ವೈದ್ಯರೂ ಅವರ ಗುಟ್ಟನ್ನು ಕಾಪಾಡಿದರು.

ಈ ಗುಟ್ಟಿನ ಬೆಲೆಯನ್ನು ತೆತ್ತವರು ಮಾತ್ರ ಹೆತ್ತವರಲ್ಲ.

1978ರ ನವೆಂಬರ್ 18ರಂದು ರಾಜ್ಯ ಸರ್ಕಾರ ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ರೇಡಿಯೋ ಭೌತವಿಜ್ಞಾನಿ. ಪ್ರನಾಳದಲ್ಲಿ ಭ್ರೂಣವನ್ನು ಬೆಳೆಸುವ, ಹೆಪ್ಪುಗಟ್ಟಿಸುವ ಕೆಲಸವನ್ನು ಕಣ್ಣಾರೆ ಕಂಡವರು ಅಂದು ದೇಶದಲ್ಲಿಯೇ ಇರಲಿಲ್ಲ. ಸಮಿತಿಯಲ್ಲಿ ಇರುವುದು ಎಲ್ಲಿಂದ ಬಂತು? ಸಂದೇಹಪಡುವುದು ವಿಜ್ಞಾನದ ಧರ್ಮವೇ ಸರಿ. ಹೊಸ ಸಿದ್ಧಿಯೊಂದು ವಿದ್ವತ್‌ಪತ್ರಿಕೆಗಳಲ್ಲಿ ಸಾಂಗವಾಗಿ ಪ್ರಕಟವಾಗುವ ಮೊದಲೇ ದಿನಪತ್ರಿಕೆಯಲ್ಲಿ ಬಂದರೆ ಪ್ರಶ್ನೆಗಳು ಏಳುವುದು ಸಹಜ. ತಾಯಿತಂದೆ ಬೆಳಕಿಗೆ ಬರಲು ಇಚ್ಛಿಸದಿದ್ದಾಗ ಅನುಮಾನ ಹೆಚ್ಚುವುದೂ ಸಹಜ. ಅಷ್ಟನ್ನು ಸಮಿತಿಯ ಪರವಾಗಿ ಹೇಳಬಹುದು. ಆದರೆ ದಾಖಲೆಗಳನ್ನು ತಾಳ್ಮೆಯಿಂದ ಪರಿಶೀಲಿಸುವುದು ಬೇರೆ, ಹೀಗಾಗಲು ಸಾಧ್ಯವೇ ಇಲ್ಲವೆಂದು ಮೊದಲೇ ನಿಶ್ಚಯಿಸಿ ಕೂಡುವುದು ಬೇರೆ. ಖಾತೆಯ ಪುಸ್ತಕವನ್ನು ತೆರೆಯದೆಯೇ ಲೆಕ್ಕ ಸುಳ್ಳೆಂದು ಷರಾ ಬರೆಯುವ ತನಿಖಾಧಿಕಾರಿಯನ್ನು ಯಾವ ಕಚೇರಿಯೂ ಮೆಚ್ಚದು. ಮುಖರ್ಜಿಯವರ ಹೇಳಿಕೆಯನ್ನು ಸಮಿತಿ ತಿರಸ್ಕರಿಸಿತು. 1979ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಿಂದ ಅವರಿಗೆ ಆಹ್ವಾನ ಬಂದಾಗ ಹೋಗಲು ಅನುಮತಿ ದೊರೆಯಲಿಲ್ಲ. ಹೃದಯಾಘಾತವೂ ಆಯಿತು. 1981ರ ಜೂನ್ ತಿಂಗಳಲ್ಲಿ ಅವರನ್ನು ನೇತ್ರವಿಜ್ಞಾನದ ಸಂಸ್ಥೆಯೊಂದಕ್ಕೆ ವರ್ಗ ಮಾಡಲಾಯಿತು. ಸಂತಾನಶಾಸ್ತ್ರದ ವಿದ್ವಾಂಸರಿಗೆ ಕಣ್ಣಿನ ವಿಭಾಗ! ಅದೇ ತಿಂಗಳ 19ರಂದು ಅವರು ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಅವರಿಗೆ 50 ವರ್ಷ. ಪತ್ನಿ ನಮಿತಾ ಒಬ್ಬರೇ ಉಳಿದರು.

ದುರ್ಗೆಗೆ ಆಗ ಮೂರು ತುಂಬಿರಲಿಲ್ಲ. ಆ ವರ್ಷದ ಅಕ್ಟೋಬರ್ 3ರಂದು ಆ ಮನೆಯಲ್ಲಿ ಏನು ನಡೆಯಿತೆಂಬುದು ಯಾವ ಕಾಗದದಲ್ಲಿಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಮೂರು ವರ್ಷದ ಮಗು ತಪ್ಪು ತಪ್ಪು ಮಾತನಾಡುತ್ತ, ಕೈಗೆ ಸಿಕ್ಕಿದ್ದನ್ನು ಎಳೆಯುತ್ತ ಮನೆಯೆಲ್ಲ ಓಡಾಡುವ ವಯಸ್ಸು. ‘ಇಂತಹ ಮಗು ಹುಟ್ಟಿಯೇ ಇಲ್ಲ, ಹೀಗೆ ಹುಟ್ಟಲು ಸಾಧ್ಯವಿಲ್ಲ’ ಎಂದು ಹೊರಗೆ ಬಲ್ಲವರು ತೀರ್ಪು ಕೊಟ್ಟಿರುವಾಗ, ಒಳಗೆ ಆ ಮಗುವೇ ತೊಡೆಯ ಮೇಲೆ ಕುಳಿತು ಪಾಯಸಕ್ಕೆ ಬಾಯಿ ತೆರೆದಿದ್ದರೆ ಹೆತ್ತವರ ಕರುಳು ಯಾವ ಕಡೆಗೆ ಎಳೆದೀತು? ಅವರು ಮಾತನಾಡಬೇಕಾಗಿತ್ತೆಂದು ಈಗ ಹೇಳುವುದು ಸುಲಭ. ಮಾತನಾಡಿದ್ದರೆ ಮಗುವಿನ ಬಾಲ್ಯ ಪತ್ರಿಕೆಯವರ ಪಾಲಾಗುತ್ತಿತ್ತು. ಮಾತನಾಡದೆ ಉಳಿದದ್ದರಿಂದ ಆಕೆಗೆ ಎಲ್ಲ ಮಕ್ಕಳಂತೆ ಓದಿ, ಆಡಿ ಬೆಳೆಯುವ ಬಾಲ್ಯ ದೊರೆಯಿತು. ಎರಡೂ ನಿಜ. ಒಂದನ್ನು ಇನ್ನೊಂದರಿಂದ ಕಳೆದು ಶೇಷ ತೆಗೆಯಲು ಬರುವುದಿಲ್ಲ.

ಕಾಲ ಹೋಯಿತು. ಹೆಪ್ಪುಗಟ್ಟಿಸಿದ ಭ್ರೂಣದಿಂದ ಮಗುವನ್ನು ಪಡೆದ ಸುದ್ದಿ 1984ರಲ್ಲಿ ಆಸ್ಟ್ರೇಲಿಯಾದಿಂದ ಬಂತು. ಲೋಕ ಅದನ್ನು ಪ್ರಥಮವೆಂದು ದಾಖಲಿಸಿತು. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹರ್ಷಾ ಎಂಬ ಹೆಣ್ಣುಮಗು ಹುಟ್ಟಿದಾಗ ಅದು ಭಾರತದ ಮೊದಲ ಪ್ರನಾಳ ಶಿಶುವೆಂದು ದೇಶವೆಲ್ಲ ಸಂಭ್ರಮಿಸಿತು. ಕಲ್ಕತ್ತೆಯಲ್ಲಿ ದುರ್ಗೆಗೆ ಎಂಟು ತುಂಬಲು ಎರಡು ತಿಂಗಳಷ್ಟೇ ಉಳಿದಿತ್ತು. ಡಾಕ್ಟರರ ದುರಂತದಿಂದ ಪ್ರೇರಿತರಾಗಿ ರಮಾಪದ ಚೌಧುರಿಯವರು ಬಂಗಾಳಿಯಲ್ಲಿ ಕಾದಂಬರಿ ಬರೆದಿದ್ದರು. ಅದನ್ನು ಆಧರಿಸಿ ತಪನ್ ಸಿನ್ಹಾ ಅವರು 1990ರಲ್ಲಿ ‘ಏಕ್ ಡಾಕ್ಟರ್ ಕೀ ಮೌತ್’ ಎಂಬ ಹಿಂದಿ ಚಿತ್ರವನ್ನು ತೆಗೆದರು. ಚಿತ್ರದ ವೈದ್ಯ ಕಂಡುಹಿಡಿಯುವುದು ಕುಷ್ಠರೋಗದ ಲಸಿಕೆಯನ್ನು. ಅಲ್ಲಿಯೂ ದುರ್ಗೆಗೆ ಎಡೆಯಿರಲಿಲ್ಲ.

ಬಾಗಿಲು ತೆರೆದವರು, ವಿಚಿತ್ರವೆಂದರೆ, ಆ ‘ಪ್ರಥಮ’ ಪಟ್ಟವನ್ನು ಹೊಂದಿದ್ದವರೇ. ಹರ್ಷಾಳ ಜನನಕ್ಕೆ ಕಾರಣರಾದವರು ಡಾಕ್ಟರ್ ಇಂದಿರಾ ಹಿಂದುಜಾ ಮತ್ತು ಮುಂಬಯಿಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಡಾಕ್ಟರ್ ಟಿ.ಸಿ. ಆನಂದಕುಮಾರ್. ಆನಂದಕುಮಾರರು 1997ರಲ್ಲಿ ಒಂದು ಸಮ್ಮೇಳನದ ನಿಮಿತ್ತ ಕಲ್ಕತ್ತೆಗೆ ಬಂದಾಗ, ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಅವರಿಗೆ ದೊರೆತವು. ಅವನ್ನು ಸಾಲುಸಾಲಾಗಿ ಓದಿದರು, ಬಲ್ಲವರೊಡನೆ ಚರ್ಚಿಸಿದರು. ಸಮಿತಿ ಮಾಡಬೇಕಾಗಿದ್ದ ಕೆಲಸವನ್ನು ಹತ್ತೊಂಬತ್ತು ವರ್ಷಗಳ ತರುವಾಯ ಒಬ್ಬರೇ ಮಾಡಿದರು. ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಸುಭಾಷ್ ಮುಖರ್ಜಿಯವರೇ ಹೊರತು ತಾವಲ್ಲವೆಂದು ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆ ಪತ್ರಿಕೆ ಪ್ರಕಟವಾಗುವುದು ಬೆಂಗಳೂರಿನಿಂದ; ಆನಂದಕುಮಾರರು ತಮ್ಮ ಕೊನೆಯ ವರ್ಷಗಳನ್ನು ಕಳೆದು 2010ರಲ್ಲಿ ನಿಧನರಾದದ್ದೂ ಬೆಂಗಳೂರಿನಲ್ಲಿಯೇ. ಕಲ್ಕತ್ತೆಯಲ್ಲಿ ಕಳೆದುಹೋದ ನ್ಯಾಯ ನಮ್ಮ ಊರಿನ ಮುದ್ರಣಾಲಯದಲ್ಲಿ ಅಕ್ಷರರೂಪ ತಾಳಿತೆಂಬುದನ್ನು ಇಲ್ಲಿಯ ಕನ್ನಡಿಗರು ನೆನೆಯುವುದು ತಪ್ಪಲ್ಲ. ತನ್ನ ಹೆಸರಿನಲ್ಲಿ ಜಮೆಯಾದ ಕೀರ್ತಿಯನ್ನು ತಾನೇ ಮುಂದೆ ಬಂದು ಇನ್ನೊಬ್ಬರ ಖಾತೆಗೆ ವರ್ಗಾಯಿಸಿದವರು ಎಷ್ಟು ಮಂದಿ ಸಿಕ್ಕಾರು?

ಅನಂತರ ಬಂದದ್ದು 2003ರ ಅಕ್ಟೋಬರ್. ಮಗಳಿಗೆ 25 ತುಂಬಿತು. ಆ ಹುಟ್ಟುಹಬ್ಬದ ಸಂದರ್ಭದಲ್ಲಿ, ಡಾಕ್ಟರ್ ಮುಖರ್ಜಿಯವರ ಸ್ಮರಣೆಗಾಗಿ ಕಲ್ಕತ್ತೆಯಲ್ಲಿ ನಡೆದ ಸಮಾರಂಭದಲ್ಲಿ, ಆಕೆ ಮೊದಲ ಬಾರಿಗೆ ಸಾರ್ವಜನಿಕರೆದುರು ನಿಂತು ತಾನೇ ದುರ್ಗೆಯೆಂದು ತಿಳಿಸಿದರು. ಓದು ಮುಗಿಸಿದ, ಆರೋಗ್ಯವಂತ, ಎಲ್ಲರಂತಹ ತರುಣಿ. ಸಮಿತಿಗೆ ಸಿಗದ ಸಾಕ್ಷ್ಯ ಇದ್ದದ್ದು ಇಷ್ಟೇ. ಯಾವ ಮನೆಯಲ್ಲಿಯೂ ಹುಟ್ಟುಹಬ್ಬದ ದಿನ ಉಡುಗೊರೆ ಪಡೆಯುವುದು ಮಕ್ಕಳು. ಅಂದು ಉಡುಗೊರೆ ಹೋದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ ತೀರಿಹೋದವರಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2005ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದುರ್ಗೆಯ ಜನನವನ್ನೂ ಮೂವರು ವೈದ್ಯವಿಜ್ಞಾನಿಗಳ ಹೆಸರುಗಳನ್ನೂ ದಾಖಲಿಸಿತು. 2010ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಆ ಪಾರಿತೋಷಕವನ್ನು ಗತಿಸಿದವರಿಗೆ ಕೊಡುವ ಪದ್ಧತಿಯಿಲ್ಲ.

ಇಂದು ಪ್ರನಾಳ ಪದ್ಧತಿಯಿಂದ ಜಗತ್ತಿನಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಚುಚ್ಚುಮದ್ದಿನಿಂದ ಹೆಚ್ಚು ಅಂಡಗಳನ್ನು ಪಡೆಯುವುದು, ಯೋನಿಮಾರ್ಗದಿಂದಲೇ ಅವನ್ನು ತೆಗೆಯುವುದು, ಭ್ರೂಣವನ್ನು ಹೆಪ್ಪುಗಟ್ಟಿಸಿ ಮುಂದಿನ ಚಕ್ರದಲ್ಲಿ ಸೇರಿಸುವುದು, ಇವೆಲ್ಲ ಈಗ ಊರೂರಿನ ಚಿಕಿತ್ಸಾಲಯಗಳ ದಿನನಿತ್ಯದ ವಿಧಾನ. ಹೆಪ್ಪುಗಟ್ಟಿಸಲು ಬಳಸುವ ದ್ರವ್ಯಗಳೂ ವೇಗವೂ ಬದಲಾಗಿವೆ; ಅಂಡ ತೆಗೆಯಲು ಈಗ ಶಬ್ದಾತೀತ ತರಂಗಗಳ ಯಂತ್ರ ನೋಡಿಕೊಂಡು ಸೂಜಿ ಹಾಕುತ್ತಾರೆ. ತರ್ಕ ಮಾತ್ರ ಅದೇ.

ಮಕ್ಕಳಿಗಾಗಿ ಹಂಬಲಿಸುವ ಮನೆಗಳು ಇಂದೂ ಕಡಿಮೆಯಿಲ್ಲ. ಪ್ರಪಂಚದಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಬದುಕಿನ ಒಂದು ಹಂತದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಯ ವಯಸ್ಸು 35 ದಾಟಿದ್ದರೆ ಆರು ತಿಂಗಳಲ್ಲಿಯೇ, ಪತಿಪತ್ನಿಯರಿಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಗಂಡನ ವೀರ್ಯಪರೀಕ್ಷೆ ಎಲ್ಲಕ್ಕಿಂತ ಸುಲಭವೂ ಅಗ್ಗವೂ ಆದದ್ದು, ಆದರೂ ಅನೇಕ ಮನೆಗಳಲ್ಲಿ ಅದೇ ಕೊನೆಗೆ ಉಳಿಯುತ್ತದೆ. ವಯಸ್ಸಾದಂತೆ ಅಂಡಗಳ ಸಂಖ್ಯೆಯೂ ಗುಣವೂ ಕುಗ್ಗುತ್ತವೆ. ಪ್ರನಾಳ ಪದ್ಧತಿಯೂ ಕಳೆದ ವರ್ಷಗಳನ್ನು ಮರಳಿ ಕೊಡಲಾರದು. ಪ್ರತಿ ಪ್ರಯತ್ನವೂ ಫಲಿಸುತ್ತದೆಂದು ಭರವಸೆ ಕೊಡುವ ಜಾಹೀರಾತನ್ನು ನಂಬಬಾರದು. 2021ರ ಕಾಯಿದೆಯ ಪ್ರಕಾರ ಈ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ನೋಂದಣಿಯಾಗಿರಬೇಕು. ಚಿಕಿತ್ಸೆ ಪಡೆಯುವ ಸ್ತ್ರೀಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷಗಳ ಮಿತಿಯಿದೆ. ಹೀಗೆ ಹುಟ್ಟಿದ ಮಗು ಎಲ್ಲ ವಿಧದಲ್ಲಿಯೂ ಆ ದಂಪತಿಗಳ ಸ್ವಂತ ಮಗುವೇ. ದುರ್ಗೆಯ ಹೆತ್ತವರಿಗೆ ಇಂತಹ ಕಾಯಿದೆಯ ಆಸರೆ ಇರಲಿಲ್ಲ.

ಹೀಗೆ ಹುಟ್ಟಿದವರು ಮುಂದೆ ತಾವು ತಾಯಂದಿರಾದಾರೇ ಎಂಬ ಸಂದೇಹವೂ ಹಿಂದೆ ಕೇಳಿಬರುತ್ತಿತ್ತು. ಲೂಯಿಸ್ ಬ್ರೌನ್ ಅವರು 2006ರಲ್ಲಿ ಯಾವ ಯಂತ್ರದ ನೆರವೂ ಇಲ್ಲದೆ ಸಹಜವಾಗಿ ತಾಯಿಯಾದರು. ಮುಂಬಯಿಯ ಹರ್ಷಾ 2016ರ ಮಹಾಶಿವರಾತ್ರಿಯಂದು ಗಂಡುಮಗುವನ್ನು ಹೆತ್ತರು. ಹೆರಿಗೆ ಮಾಡಿಸಿದವರು ಮೂವತ್ತು ವರ್ಷಗಳ ಹಿಂದೆ ಅವರನ್ನೇ ಕೈಯಲ್ಲಿ ಎತ್ತಿಕೊಂಡಿದ್ದ ಇಂದಿರಾ ಹಿಂದುಜಾ. ವೈದ್ಯರೊಬ್ಬರಿಗೆ ಒದಗಬಹುದಾದ ಇಂತಹ ದಿನ ಸುಭಾಷ್ ಮುಖರ್ಜಿಯವರಿಗೂ ಒದಗಬೇಕಾಗಿತ್ತು.

ತಾರೀಖೂ ತಿಥಿಯೂ ಒಂದೇ ದಿನ ಕೂಡಿಬರುವುದು ಅಪರೂಪ. 2024ರಲ್ಲಿ ಅದು ಕೂಡಿಬಂತು. ಆ ವರ್ಷದ ಅಕ್ಟೋಬರ್ 3 ಮತ್ತೆ ನವರಾತ್ರಿಯ ಮೊದಲ ದಿನ. ಕೊಲ್ಕತ್ತದ ಬೀದಿಗಳಲ್ಲಿ ಚಪ್ಪರದ ಬಿದಿರಿನ ಗಳುಗಳು ಎದ್ದಿದ್ದವು. ಕುಮಾರಟೋಲಿಯ ಕುಶಲಿಗಳು ದೇವಿಯ ಮೂರ್ತಿಗಳಿಗೆ ಕೊನೆಯ ಬಣ್ಣ ಹಚ್ಚುತ್ತಿದ್ದರು. ಕನ್ನಡಿಗರ ಮನೆಗಳಲ್ಲಿ ಪಟ್ಟದ ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು, ಧೂಳೊರಸಿ, ಮೆಟ್ಟಿಲ ಮೇಲೆ ಕೂರಿಸುವ ಸಂಭ್ರಮ. ಅಂದು ದುರ್ಗೆಗೆ 46 ತುಂಬಿತು.